ದಬ್ಬಣದ ಪರವಾಗಿ ನಾನು ಗೆದ್ದ ವಾದ

ಆಗೆಲ್ಲ ನಮ್ಮ ಕಡೆಯ ಮಗುವನ್ನು ಮುಂಗೈ ನೋಡಿಯೇ ಗುರುತು ಹಿಡಿಯಬಹುದಿತ್ತು. ಕೊಂಕಲ್ ಸಮೀಪದ, ಅವ್ವನ ತವರಾದ ಸಣ್ಣ ಊರಿನಲ್ಲಿ ಹುಡುಗ ಹುಡುಗಿಯರಿಗೆಲ್ಲ ಮೊಣಕೈ ಕೆಳಗೆ ಕಡಲೆಕಾಳಿನಷ್ಟು ಸುಟ್ಟ ಗುರುತು ಇರುತ್ತಿತ್ತು. ಒಂದು, ಇಲ್ಲವೆ ಮೂರು. ಎರಡು ಹಾಕುತ್ತಿರಲಿಲ್ಲ. ಯಾಕೆ ಎಂದು ಯಾರೂ ಕೇಳಿರಲಿಲ್ಲ. ಹುಟ್ಟಿದ ವಾರದೊಳಗೆ ಕೂಸಿನ ಕಣ್ಣು ಹಳದಿಯಾದರೆ ಅದು ಕಾಮಣಿ. ಚೀಲ ಹೊಲಿಯುವ ದಬ್ಬಣವನ್ನು ಕುಳ್ಳಿನ ಕೆಂಡದಲ್ಲಿ ಕೆಂಪಗೆ ಕಾಯಿಸಿ ಬರೆ ಕೊಡುವುದೇ ಅದಕ್ಕೆ ಮದ್ದು. ಸುತ್ತಲಿನ ನಾಲ್ಕೂರಿಗೆ ಆ ಬರೆ ಕೊಡುತ್ತಿದ್ದವಳು ನನ್ನ ಆಯಿ, ಅವ್ವನ ಅವ್ವ.

ಅವಳನ್ನು ರಾಕ್ಷಸಿ ಎಂದುಕೊಳ್ಳಬೇಡಿ. ಅಷ್ಟು ಮೆತ್ತಗಿನ ಕೈಯನ್ನು ನಾನು ಮತ್ತೆ ಕಂಡಿಲ್ಲ. ಬೇಸಿಗೆ ರಜೆಗೆ ಹೋದಾಗ ನಮ್ಮನ್ನು ಎಬ್ಬಿಸುತ್ತಿದ್ದುದೇ ಅವಳು ರೊಟ್ಟಿ ಬಡಿಯುವ ಸದ್ದು. ಬಿಸಿ ರೊಟ್ಟಿಯ ಮೇಲೆ ಶೇಂಗಾ ಹಿಂಡಿ ಉದುರಿಸಿ, ಎಣ್ಣೆ ಬಿಟ್ಟು, ಸುತ್ತಿ ಕೈಗಿಡುತ್ತಿದ್ದಳು. ಸಂಜೆಯಾದರೆ ಪಡಸಾಲೆಯ ತುಂಬ ಹೆಂಗಸರು, ಅವರ ಮಡಿಲಲ್ಲಿ ಕೂಸುಗಳು, ಲೋಬಾನದ ಹೊಗೆ. ಯಾರಿಂದಲೂ ಎಲೆ ಅಡಿಕೆ ಬಿಟ್ಟು ಏನನ್ನೂ ಮುಟ್ಟುತ್ತಿರಲಿಲ್ಲ. ಬರೆ ಕೊಡುವಾಗ ಕೂಸಿನ ಜೊತೆ ಅವಳ ಕಣ್ಣೂ ತುಂಬುತ್ತಿತ್ತು.

ನಮಗೋ ಆ ಗುರುತುಗಳು ಹೆಮ್ಮೆಯ ವಿಷಯ. ಚೌಕಾಬಾರ ಆಡುವ ಮುಂಚೆ ಕಟ್ಟೆಯ ಮೇಲೆ ಸಾಲಾಗಿ ಮುಂಗೈ ಚಾಚುತ್ತಿದ್ದೆವು. ಮೂರು ಬರೆಯವರಿಗೆ ಮೊದಲ ಸರದಿ, ಒಂದು ಬರೆಯವರಿಗೆ ಆಮೇಲೆ. ಮಾಸ್ತರರ ಮಗನ ಕೈ ನುಣ್ಣಗಿತ್ತು. ಪಾಪ, ಅವನನ್ನು ‘ಬೋಳಗೈ’ ಎಂದು ಕರೆದು ಕೊನೆಗೆ ನಿಲ್ಲಿಸುತ್ತಿದ್ದೆವು. ನನಗೆ ಮೂರಿದ್ದವು.

ನನಗೆ ಹತ್ತು ವರ್ಷವಾಗಿದ್ದ ಬೇಸಿಗೆಯಲ್ಲಿ ಚಿಗವ್ವ, ಅಂದರೆ ಅವ್ವನ ತಂಗಿ, ಬಾಣಂತನಕ್ಕೆ ಬಂದಿದ್ದಳು. ಅವಳ ಗಂಡ ಭೀಮರಾಯನಗುಡಿಯಲ್ಲಿ ಕ್ಲಾರ್ಕ್. ಅವಳೂ ಬಿ.ಎ. ಮಾಡಿದವಳು. ಹೆರಿಗೆ ಶಹಾಪುರದ ದವಾಖಾನೆಯಲ್ಲಾಗಿ, ಹೆಣ್ಣುಕೂಸಿನೊಂದಿಗೆ ಮನೆಗೆ ಬಂದಳು. ಮನೆಯೆಲ್ಲ ಓಂಕಾಳಿನ ಹೊಗೆ, ಕೊಬ್ಬರಿ ಹುರಿದ ವಾಸನೆ. ಬಾಣಂತಿಗೆಂದು ಕಟ್ಟಿದ ಅಂಟಿನ ಉಂಡಿಯಲ್ಲಿ ಅರ್ಧ ನನ್ನ ಹೊಟ್ಟೆಗೇ ಹೋಗುತ್ತಿತ್ತು.

ಆರನೆಯ ದಿನ ಮುಂಜಾನೆ ನೀರೆರೆಯುವಾಗ ಆಯಿ ಕೂಸಿನ ರೆಪ್ಪೆ ಸರಿಸಿ ನೋಡಿದಳು.

“ಕಣ್ಣ ಅರಿಷಿಣ ಆಗ್ಯಾವ. ಇವತ್ತs ಹಾಕಿಬಿಡೂಣು.”

ಚಿಗವ್ವ ಕೂಸನ್ನು ಎದೆಗೆ ಅವಚಿಕೊಂಡಳು. “ಬ್ಯಾಡ ಯವ್ವಾ. ಡಾಕ್ಟರು ಎಳಿಬಿಸಲಿಗಿ ಹಿಡೀರಿ, ತಾನs ಇಳೀತದ ಅಂದಾರ.”

“ಡಾಕ್ಟರ ಹಡದಾನೇನು? ನಿನಗ ಹಾಕೀನಿ, ನಿಮ್ಮಕ್ಕಗ ಹಾಕೀನಿ.”

“ಇದು ನನ್ನ ಕೂಸು. ನಾ ಕೊಡಂಗಿಲ್ಲ.”

ಕೂಸು ನೋಡಲು ಬಂದು ಪಡಸಾಲೆಯಲ್ಲಿ ಕುಳಿತಿದ್ದ ಹೆಂಗಸರು ಇತ್ತ ತಿರುಗಿದರು. ಮಗಳು ತಾಯಿಗೆ ಹಾಗೆ ಎದುರಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಆಯಿಯ ಮುಖ ಸಣ್ಣದಾಯಿತು. ಅದನ್ನು ನೋಡಿ ನನಗೆ ತಡೆಯಲಾಗಲಿಲ್ಲ. ನಡುವೆ ಹೋಗಿ ನಿಂತೆ. ತೋಳು ಮೇಲೇರಿಸಿದೆ.

“ಚಿಗವ್ವಾ, ನನಗ ಮೂರು ಹಾಕ್ಯಾರ. ನಾ ಸತ್ತೇನೇನು? ನಿನ್ನ ಕೈ ತೋರ್ಸು. ನಿನಗೂ ಅದಾವಲ್ಲ? ನೀ ಬಿ.ಎ. ಪಾಸಾಗಲಿಲ್ಲೇನು? ಆ ಬೋಳಗೈಗೆ ಒಂದೂ ಇಲ್ಲ, ಅಂವಾ ವರ್ಷಕ್ಕ ಮೂರು ಸಲ ಜ್ವರ ಬಂದು ಮಲಗ್ತಾನ!”

ಹೆಂಗಸರು ಗೊಳ್ಳೆಂದು ನಕ್ಕರು. ಪಕ್ಕದ ಮನೆಯ ನೀಲವ್ವ ನನ್ನ ಗಲ್ಲ ಹಿಂಡಿ, “ಯವ್ವಾ, ವಕೀಲಳು ಹುಟ್ಯಾಳ ನಮ್ಮನ್ಯಾಗ! ಸುರಪುರ ಕೋರ್ಟಿಗಿ ಕಳಸ್ರೇ ಇಕಿನ!” ಎಂದಳು. ಚಿಗವ್ವ ತನ್ನ ಕೈಯನ್ನು ತಾನೇ ನೋಡಿಕೊಂಡಳು. ಅವಳಿಗೂ ನಗೆ ಬಂತು. ನಗುವಾಗ ತೋಳು ಸಡಿಲಾಯಿತು. ಆಯಿ ಕೂಸನ್ನು ಎತ್ತಿಕೊಂಡು ಒಳಗೆ ಹೋದಳು.

ಮೂರು ಹಾಕಿದಳು. ಮೇಲೆ ಒಲೆಯ ಬೂದಿ ಒತ್ತಿದಳು, ಎಲ್ಲರಿಗೂ ಒತ್ತುವಂತೆ.

ಎರಡು ದಿನಕ್ಕೆ ಆ ಪುಟ್ಟ ಕೈ ಬಾತು ಬದನೆಕಾಯಿಯಾಯಿತು. ಕೂಸು ಮೊಲೆ ಹಿಡಿಯುವುದನ್ನು ಬಿಟ್ಟಿತು. ಆಮೇಲೆ ಅಳುವುದನ್ನೂ ಬಿಟ್ಟಿತು. ಟಂಟಂ ಆಟೋ ಹಿಡಿದು ಶಹಾಪುರಕ್ಕೆ ಓಡಿದೆವು. ನಂಜು ರಕ್ತಕ್ಕೆ ಇಳಿದಿದೆ, ಬದುಕುತ್ತದೆಂದು ಹೇಳಲಾಗದು ಎಂದರು ಡಾಕ್ಟರು.

ದವಾಖಾನೆ ಸೇರಿದ ಮೂರನೆಯ ದಿನ ನರ್ಸಮ್ಮ ಕೂಸಿನ ಕಣ್ಣಿಗೆ ಬ್ಯಾಟರಿ ಬಿಟ್ಟು ನೋಡುತ್ತಿದ್ದಾಗ ಆಯಿ ಬಾಗಿಲಲ್ಲಿ ನಿಂತೇ ಅಂದಳು, “ಹಳದಿ ಹೋಗ್ಯದ ನೋಡ್ರಿ. ಬರಿಯಿಂದ ಅಷ್ಟಾದ್ರೂ ಗುಣ ಆತು.”

ನರ್ಸಮ್ಮ ಸಿಟ್ಟು ಮಾಡಲಿಲ್ಲ. “ಅದು ಹೋಗೂದs ಇತ್ತಬೇ ಆಯಿ. ಭಾಳ ಮಕ್ಕಳಿಗಿ ಬರ್ತದ, ಹೋಗ್ತದ. ನೀ ಏನೂ ಮಾಡದಿದ್ರೂ ಹೋಗ್ತಿತ್ತು.”

ಆಯಿ ಹೊರಗೆ ಬಂದು ಗೋಡೆಗೆ ಒರಗಿ ಕುಳಿತಳು. ನಾನು ಪಕ್ಕದಲ್ಲಿ ಕುಳಿತೆ. ನನಗೆ ಹೇಳುತ್ತಿದ್ದಾಳೋ ಗೋಡೆಗೋ ತಿಳಿಯದ ಹಾಗೆ, ಮಾತು ಶುರು ಮಾಡಿದಳು.

“ನಿಮ್ಮವ್ವಗಿಂತ ಮೊದಲ ನನಗೊಂದು ಹೆಣ್ಣಾಗಿತ್ತು. ನಮ್ಮತ್ತಿ ಬರಿ ಹಾಕಿದ್ಲು. ಒಂಬತ್ತನೇ ದಿನ ಹೋತು. ಅದರ ಹಣೇಬಾರ ಅಂದ್ರು ಎಲ್ಲಾರೂ. ನಾನೂ ಅಂದೆ.”

“ಮತ್ತ ನೀ ಯಾಕ ಹಾಕ್ತಿ ಆಯಿ?”

“ಬರಿ ಹಾಕೂದು ತಪ್ಪಂದ್ರ ಹ್ಯಾಂಗವ್ವ? ನನ್ನ ಕೂಸು ಸುಮ್ಮಸುಮ್ಮಕ ಸತ್ತಂಗ ಆಗ್ತಿತ್ತಲ್ಲ.”

ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗಳಿಗೆ ನಿಂತೆ. ಎದುರಾಳಿಯ ಮಾತಿನ ಹುಳುಕನ್ನು ಎತ್ತಿ ತೋರಿಸುವುದರಲ್ಲಿ ಹೆಸರನ್ನೂ ಮಾಡಿದೆ. ಆದರೆ ನಾನು ಕಂಡ ಅತಿ ದೊಡ್ಡ ಹುಳುಕು ನನ್ನ ಮೊದಲ ವಾದದಲ್ಲೇ ಇತ್ತು. ಕಟ್ಟೆಯ ಮೇಲೆ ಕೈ ಚಾಚಿದವರೆಲ್ಲ ಬದುಕಿದವರು. ಸತ್ತ ಕೂಸುಗಳು ಸಾಕ್ಷಿ ಹೇಳಲು ಬರುವುದಿಲ್ಲ. ತಾನಾಗಿ ಇಳಿಯುವ ಹಳದಿಯ ಕೀರ್ತಿ ದಬ್ಬಣಕ್ಕೆ, ಉಳಿಯದ ಜೀವದ ಅಪವಾದ ಹಣೆಬರಹಕ್ಕೆ. ಇಂಥ ಲೆಕ್ಕದಲ್ಲಿ ಸಂಪ್ರದಾಯ ಸೋಲುವುದಾದರೂ ಹೇಗೆ? ಅದನ್ನು ನಡೆಸಿಕೊಂಡು ಬರುವವರು ಕಟುಕರೇ ಆಗಬೇಕಿಲ್ಲ ಎಂಬುದನ್ನು ಮಾತ್ರ ಯಾವ ವೇದಿಕೆಯೂ ನನಗೆ ಕಲಿಸಲಿಲ್ಲ. ಆಯಿಯಂಥವರ ಪ್ರೀತಿಯಿಂದಲೇ ಅದು ಉಳಿಯುತ್ತದೆ. ಅದಕ್ಕೇ ಅದು ಅಷ್ಟು ಅಪಾಯದ್ದು.

ಕೂಸು ಉಳಿಯಿತು. ಎಡಗೈ ಮೊಣಕೈ ಹತ್ತಿರ ಇಂದಿಗೂ ಪೂರ್ತಿ ಚಾಚುವುದಿಲ್ಲ.

ಆಯಿ ತನ್ನದು ತಪ್ಪೆಂದು ಬಾಯಿಬಿಟ್ಟು ಎಂದೂ ಹೇಳಲಿಲ್ಲ. ಆದರೆ ಮರುವರ್ಷ ಪಕ್ಕದೂರಿನ ಹೆಂಗಸೊಬ್ಬಳು ಕೂಸು ತಂದಾಗ ನಾನು ಅಲ್ಲೇ ಇದ್ದೆ. ಆಯಿ ಅದನ್ನು ತೊಡೆಯ ಮೇಲೆ ಹಾಕಿಕೊಂಡು, ಎಣ್ಣೆ ತಿಕ್ಕಿ, ಮುದ್ದಿಟ್ಟು ವಾಪಸ್ಸು ಕೊಟ್ಟಳು.

“ದವಾಖಾನಿಗಿ ತೋರ್ಸವ್ವ.”

“ನೀನs ಹಿಂಗಂದ್ರ ಹ್ಯಾಂಗ ಆಯಿ? ನಿನ್ನ ಕೈಗುಣ ನಂಬಿ ಬಂದೀನಿ.”

“ಕೈ ನಡಗ್ತಾವವ್ವ ಈಗ.”

ಹಸಿ ಸುಳ್ಳು. ಮರುದಿನ ಅದೇ ಕೈ ಇಪ್ಪತ್ತು ರೊಟ್ಟಿ ಬಡಿಯಿತು, ಒಂದರ ಅಂಚೂ ಸೀಳಲಿಲ್ಲ. ಬರುವವರು ಕಡಿಮೆಯಾದರು. ವರ್ಷದೊಳಗೆ ಸಂಜೆಯ ಪಡಸಾಲೆ ಖಾಲಿಯಾಯಿತು. ಆಯಿ ಒಬ್ಬಳೇ ಕುಳಿತು ಬತ್ತಿ ಹೊಸೆಯುತ್ತಿದ್ದಳು.

ಈಗ ಆಯಿ ಇಲ್ಲ. ಕೂಸುಗಳ ಗದ್ದಲ, ನೀಲವ್ವನ ಚೇಷ್ಟೆ, ಯಾರ ಕೂಸನ್ನಾದರೂ ಯಾರಾದರೂ ಎತ್ತಿಕೊಳ್ಳುತ್ತಿದ್ದ ಆ ಸಲಿಗೆ, ಎಲ್ಲ ಹೋಯಿತು. ಹೋಗಬೇಕಾದದ್ದು ದಬ್ಬಣ ಒಂದೇ ಆಗಿತ್ತು. ಅದರ ಜೊತೆ ಇಷ್ಟೆಲ್ಲ ಹೋದದ್ದಕ್ಕೆ ನನಗೆ ಸಂಕಟವಿದೆ. ವಾದ ಗೆದ್ದಾಗ ಆಗುತ್ತಿದ್ದ ಖುಷಿಯೂ ಹೋಯಿತು, ಅದಕ್ಕೆ ಮಾತ್ರ ಸಂಕಟವಿಲ್ಲ.

ಚಿಗವ್ವನ ಮಗಳು ಈಗ ಹೈಸ್ಕೂಲಿನಲ್ಲಿದ್ದಾಳೆ. ಹೋದ ರಜೆಯಲ್ಲಿ ಅವಳಿಗೆ ಎಲ್ಲ ಹೇಳಿಬಿಟ್ಟೆ. ಕೊನೆಗೆ ಅವಳು ಕೇಳಿದ್ದು ಒಂದೇ ಪ್ರಶ್ನೆ.

“ಒಳಗ ನಾ ಅಳಾಕತ್ತಾಗ ನೀ ಏನ ಮಾಡಾಕತ್ತಿದ್ದಿ ಅಕ್ಕ?”

“ಹೊರಗ ಎಲ್ಲಾರೂ ನನ್ನ ಶ್ಯಾಣ್ಯಾಕಿ ಅಂತ ಹೊಗಳಾಕತ್ತಿದ್ರು,” ಎಂದೆ. “ಅದನ್ನ ಕೇಳಾಕತ್ತಿದ್ದೆ.”