ನಕ್ಷೆಯ ಮೂಲೆಯಲ್ಲಿ ನನ್ನ ಹೆಸರು

ಮೊನ್ನೆ ಹಳೆಯ ಕಬ್ಬಿಣದ ಪೆಟ್ಟಿಗೆ ತೆರೆದಾಗ ನಕ್ಷೆಯ ನಕಲು ತೆಗೆಯುವ ಅಮೋನಿಯಾ ಪ್ರಿಂಟಿನ ಘಾಟು ಮೂಗಿಗೆ ಬಡಿಯಿತು. ಒಳಗೆ ಚಳ್ಳಕೆರೆಯ ಓಣಿಗಳ ನಕ್ಷೆಯಿತ್ತು... ಜೊತೆಗೆ ಕೆಲಸ ಮಾಡುತ್ತಿದ್ದ ಅವನು ನೆನಪಾದ.

ತೊಂಬತ್ತರ ದಶಕದ ಕೊನೆಗೆ ನಾವಿಬ್ಬರೂ ಒಂದೇ ನಕ್ಷೆ ಕಚೇರಿಯಲ್ಲಿದ್ದೆವು. ಅವನು ಕೊಂಡ್ಲಹಳ್ಳಿಯಿಂದ ದಿನಾ ಬಸ್ಸಿಗೆ ಬರುತ್ತಿದ್ದ. ನನ್ನ ಅಕ್ಷರ ದುಂಡಗೆ, ಅವನದು ಕೋಳಿ ಕೆದರಿದ ಹಾಗೆ. ಆದರೂ ಮಾಲೀಕರು ಏನಿದ್ದರೂ ಅವನನ್ನೇ ಕರೆಯುತ್ತಿದ್ದರು. ನನಗೆ ಹೊಟ್ಟೆ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ವರ್ಷ ಪೇಟೆ ಬೀದಿಯ ದಟ್ಟಣೆ ತಗ್ಗಲೆಂದು ಪುರಸಭೆಯವರು ಹಗಲು ಅಲ್ಲಿ ಹಾಯುವ ಲಾರಿಗಳಿಗೆ ಸುಂಕ ಹಾಕಿದ್ದರು. ಸುಂಕ ತಪ್ಪಿಸಲು ಲಾರಿಗಳು ಯಾವ ಓಣಿಗಳಿಗೆ ನುಗ್ಗುತ್ತಿವೆ ಎಂದು ನಕ್ಷೆಯಲ್ಲಿ ತೋರಿಸುವ ಕೆಲಸ ನಮಗೆ ಬಂತು. ನಾನು ಪುಸ್ತಕ ಹಿಡಿದು ಓಣಿಯ ಬಾಯಲ್ಲಿ ಲಾರಿ ಎಣಿಸಲು ಕೂತೆ. ಡ್ರೈವರುಗಳು ನನ್ನನ್ನು ಸುಂಕದವನೆಂದು ತಿಳಿದು ಲಾರಿ ತಿರುಗಿಸಿಕೊಂಡು ಹೋದರು! ಅವನು ಬೆಳಗಿನ ಮೊದಲ ಬಸ್ಸಿಗೆ ಬಂದು ಮನೆಗಳ ಮುಂದಿನ ರಂಗೋಲಿ ನೋಡುತ್ತ ನಡೆದ. ಲಾರಿ ಚಕ್ರಕ್ಕೆ ಅಳಿಯುತ್ತದೆಂದು ಹೆಂಗಸರು ಬೀದಿ ಬಿಟ್ಟು ಜಗಲಿಯ ಮೇಲೆ ರಂಗೋಲಿ ಹಾಕತೊಡಗಿದ್ದರು. ಅಂಥ ಮನೆಗೆಲ್ಲ ಕರಡು ನಕ್ಷೆಯಲ್ಲಿ ಒಂದೊಂದು ಕೆಂಪು ಚುಕ್ಕಿ ಇಟ್ಟ. ಆ ಚುಕ್ಕಿಗಳಲ್ಲಿ ನಮ್ಮ ಮನೆಯೂ ಇತ್ತು.

"ನಿಮ್ಮವ್ವ ಎರಡು ತಿಂಗಳಿಂದ ಜಗಲಿ ಮ್ಯಾಲೇ ಹಾಕ್ತೈತಂತೆ. ನೋಡೇ ಇಲ್ವೇನಲೇ ನೀನು?" ಎಂದು ನಕ್ಕ. ಅವ್ವ ಅವನಿಗೆ ರೊಟ್ಟಿ ಬೇರೆ ಕಟ್ಟಿಕೊಟ್ಟಿದ್ದಳು!

ಮಾಲೀಕರು ಆ ವಾರ ಊರಲ್ಲಿರಲಿಲ್ಲ. ನಕ್ಷೆಯನ್ನು ಮಸಿಯಲ್ಲಿ ತಿದ್ದುವ ಕೆಲಸ ನನ್ನದು. ಅವನ ಚುಕ್ಕಿಗಳನ್ನೆಲ್ಲ ಅಂದವಾಗಿ ಇಳಿಸಿ, ಮೂಲೆಯಲ್ಲಿ ನನ್ನ ಹೆಸರೊಂದನ್ನೇ ಬರೆದೆ. ಕೆಲವೇ ದಿನಗಳಲ್ಲಿ ಆ ಓಣಿಗಳ ಬಾಯಿಗೆ ಲಾರಿ ನುಗ್ಗದಂತೆ ಕಲ್ಲು ನೆಟ್ಟರು. ಮಾಲೀಕರು ಎಲ್ಲರೆದುರು ನನ್ನ ಬೆನ್ನು ತಟ್ಟಿದರು. ಅವನು ಅಲ್ಲೇ ನಿಂತಿದ್ದ.

ಯಾಕೆ ಸುಮ್ಮನಿದ್ದೆ ಎಂದು ಸಂಜೆ ನಾನೇ ತಡೆಯಲಾರದೆ ಕೇಳಿದೆ.

"ಲಾರಿ ನಿಂತ್ವಲ್ಲ, ಬಿಡಲೇ. ನನ್ನಕ್ಷರದಾಗೆ ಬರ್ದಿದ್ರೆ ಯಾರ್ ಓದ್ತಿದ್ರು?" ಎಂದು ಬಸ್ಸು ಹತ್ತಿದ.

ಬೈದಿದ್ದರೆ ಸಮಾಧಾನವಾಗುತ್ತಿತ್ತು. ಒಳ್ಳೆಯತನದಲ್ಲೂ ಅವನೇ ಮುಂದೆ ಎಂದು ಇನ್ನಷ್ಟು ಹೊಟ್ಟೆಕಿಚ್ಚಾಯಿತು... ಮುಂದೆ ಅವನು ಕೆಲಸ ಬಿಟ್ಟು ಹೋದಾಗ ನಾನು ಇರು ಎನ್ನಲಿಲ್ಲ.

ಹೋದ ವರ್ಷ ಅವನು ತೀರಿಕೊಂಡ. ಮನೆಯವರನ್ನು ಮಾತಾಡಿಸಲು ಹೋಗಿದ್ದೆ. ಅವನ ಹೆಂಡತಿ ಅಲ್ಲಿದ್ದವರಿಗೆ ನನ್ನನ್ನು ತೋರಿಸಿ, "ಚಳ್ಳಕೆರೆ ಓಣಿ ನಕ್ಷೆ ಬರ್ದೋರು ಇವ್ರೇರಿ. ನಮ್ಮೆಜಮಾನ್ರು ಯಾವಾಗ್ಲೂ ಹೇಳೋರು" ಎಂದರು.

ಅಲ್ಲಮ್ಮ, ಅದು ಅವನದು ಎನ್ನಬೇಕಿತ್ತು. ಕೈಮುಗಿದು ಎದ್ದುಬಂದೆ. ಇವತ್ತು ಹೇಳುತ್ತಿದ್ದೇನೆ... ಕೇಳಲು ಅವನಿಲ್ಲ.