ಆ ಹತ್ತು ದಿನ ಬಾರದ ಸಿಟ್ಟು

ಹೆಂಡತಿಗೆ ಹೊಡೆದೆ. ಮೊದಲು ಅದನ್ನೇ ಹೇಳಿಬಿಡುತ್ತೇನೆ.

ಸಿಂದಗಿಯಲ್ಲಿ ಬೈಕ್ ರಿಪೇರಿ ಗ್ಯಾರೇಜಿನಲ್ಲಿ ಕೆಲಸ ನನ್ನದು. ಓದಿದ್ದು ಏಳನೇ ಇಯತ್ತೆ. ಆ ದಿನ ಮಾಲೀಕ ನಾಲ್ಕು ಗಿರಾಕಿಗಳ ಮುಂದೆ ಬೈದಿದ್ದ. ಮನೆಗೆ ಬಂದಾಗ ಅವಳು, "ಮಾರಿ ಯಾಕ್ರಿ ಹಂಗ ಮಾಡೀರಿ?" ಅಂದಳು. ಅಷ್ಟೇ ಕೇಳಿದ್ದು. ಕೈ ಎದ್ದಿತು. ಅದು ಮೂರನೇ ಸಲ. ಬೆಳಿಗ್ಗೆ ಅವಳು ಬಸ್ ಹತ್ತಿ ದೇವಣಗಾಂವದ ತವರಿಗೆ ಹೋದಳು.

ಕಾಲೇಜಿನಲ್ಲಿ ತತ್ವಶಾಸ್ತ್ರ ಕಲಿಸಿ ರಿಟೈರ್ ಆದ ಸರ್ ಒಬ್ಬರು ನಮ್ಮಲ್ಲಿ ಸ್ಕೂಟರ್ ರಿಪೇರಿಗೆ ಬಿಡುತ್ತಾರೆ. ಅವರಿಗೆ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಹಳೇ ಟಯರ್ ಮೇಲೆ ಕುಂತು ಪಾಠ ಶುರು ಮಾಡಿದರು.

"ತಮ್ಮಾ, ಮುನ್ನೂರು ನಾನೂರು ವರ್ಷದ ಹಿಂದ ಯುರೋಪದಾಗ ಕೆಲವ್ರು ಇದಕ್ಕ ತಲಿ ಕೆಡಿಸ್ಕೊಂಡಿದ್ರು. ಎಕ್ಸಲೇಟರ್ ವಾಯರ್ ಸಿಕ್ಕೊಂಡ ಗಾಡಿ, ನಾ ನನ್ನ ಖುಷಿಲೆ ಓಡಾಕತ್ತೇನಿ ಅಂದ್ರ ಹೆಂಗಿರ್ತೈತಿ? ಸಿಟ್ಟಿನಾಗ ಮನುಷ್ಯಾ ಹಂಗ. ಸಿಟ್ಟಿಗೆ ಒಂದು ಕಾರಣ ಇರ್ತೈತಿ. ಅದು ಸ್ವಚ್ಛ ಕಂಡ್ರ ಸಿಟ್ಟಿನ ಹಿಡಿತ ಸಡ್ಲ ಆಗ್ತೈತಿ. ಅದಕ್ಕ ಅವ್ರು ಸ್ವಾತಂತ್ರ್ಯ ಅಂದ್ರು."

"ಅಂದ್ರ ಹೊಡದದ್ದು ನನ್ನ ತಪ್ಪಲ್ಲೇನ್ರಿ ಸರ್?"

"ಹಂಗ ನಾ ಎಲ್ಲಿ ಅಂದ್ನೋ ಮಾರಾಯಾ? ಪ್ಲಗ್ ಬಿಚ್ಚು ಮೊದ್ಲ."

ಆದರೆ ನನಗೆ ಬೇಕಾದ ನೆಪ ಸಿಕ್ಕಿತ್ತು. ರವಿವಾರ ದೇವಣಗಾಂವಕ್ಕೆ ಹೋದೆ.

ಅತ್ತೆ ನೀರು ಕೊಟ್ಟು ಒಳಗೆ ಹೋದರು. ಹೆಂಡತಿ ಕಟ್ಟೆಯ ಮೇಲೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ನಾನು ಸರ್ ಹೇಳಿದ್ದನ್ನೆಲ್ಲ ಹೇಳಿದೆ. "ಮಾಲೀಕ ಬೈದಿದ್ದ, ಅದು ಕಾರಣ. ಸಿಟ್ಟು ನನ್ನ ಕೈಯಾಗ ಇರಲಿಲ್ಲ. ಯುರೋಪದಾಗ ಶಾಣ್ಯಾರು ಹೇಳ್ಯಾರ."

ಅವಳು ತಲೆ ಎತ್ತದೆ ಕೇಳಿದಳು, "ಮೊಹರಂದಾಗ ಎಲ್ಲಿ ಹೋಗಿತ್ರಿ ಆ ಸಿಟ್ಟು?"

ನಮ್ಮದು ದಿನಾ ವಿಭೂತಿ ಹಚ್ಚುವ ಮನೆ. ಆದರೂ ಅಜ್ಜನ ಕಾಲದಿಂದ ಮನೆಯಲ್ಲಿ ಒಬ್ಬರು ಮೊಹರಂಗೆ ಹರಕೆಯ ಫಕೀರ ಆಗುತ್ತಾರೆ. ಕೊರಳಿಗೆ ಲಾಡಿ ಅಂತ ಬಣ್ಣದ ದಾರ ಕಟ್ಟಿಕೊಂಡು ಹತ್ತು ದಿನ ಬರಿಗಾಲಲ್ಲಿ ತಿರುಗಬೇಕು, ನೆಲದ ಮೇಲೆ ಮಲಗಬೇಕು, ಜಗಳ ಮಾಡಬಾರದು, ಕೆಟ್ಟ ಮಾತು ಆಡಬಾರದು. ಹೋದ ಸಲ ನಾನೇ ಆಗಿದ್ದೆ. ಮಾಲೀಕ ಆಗಲೂ ಎರಡು ಸಲ ಬೈದ. ನಕ್ಕು ಸುಮ್ಮನಾಗಿದ್ದೆ.

"ಅದು ದೇವರ ಅಂಜಿಕಿ," ಅಂದೆ.

"ಹಂಗಾರ ಕೈ ನಿಮ್ಮ ಮಾತು ಕೇಳ್ತೈತಿ ಅಂತಾತು. ದೇವರ ಅಂಜಿಕಿ ಐತಿ, ನನ್ನ ಅಂಜಿಕಿ ಇಲ್ಲ, ಅದಕ್ಕ ಹೊಡದ್ರಿ. ಅಷ್ಟ ಹೇಳ್ರಲಾ. ಅದಕ್ಕ ಯುರೋಪತನಕ ಯಾಕ ಹೋಗ್ಬೇಕು?"

ಒಳಗೆ ಅತ್ತೆ ನಕ್ಕದ್ದು ಕೇಳಿಸಿತು.

ಸಿಟ್ಟು ಬಂತು. ಕಾರಣ ಸ್ವಚ್ಛ ಕಂಡಿತು. ಮಾತಿನಲ್ಲಿ ಸೋತಿದ್ದೆ, ಮೇಲೆ ಅತ್ತೆ ನಕ್ಕಿದ್ದರು, ನನಗೆ ನಾಚಿಕೆಯಾಗಿತ್ತು. ಸರ್ ಹೇಳಿದ ಹಾಗೇ ಎಲ್ಲ ಕಂಡಿತು. ಆದರೆ ಸಿಟ್ಟು ಹೋಗಲಿಲ್ಲ. ಕಿವಿ ಕಾದವು. ಮುಷ್ಟಿ ಬಿಗಿದದ್ದು ನನಗೆ ಗೊತ್ತಾಗುವ ಮೊದಲೇ ಅವಳಿಗೆ ಗೊತ್ತಾಯಿತು. ಮೊರ ಎತ್ತಿ ಮುಖಕ್ಕೆ ಅಡ್ಡ ಹಿಡಿದಳು. ಜೋಳ ಎಲ್ಲ ಅವಳ ಮಡಿಲಿಗೆ ಚೆಲ್ಲಿತು.

ಹಿಂದಿನ ಮೂರು ಸಲ ಅವಳು ಏನು ಮಾಡಿದ್ದಳೋ ನಾನು ನೋಡಿಯೇ ಇರಲಿಲ್ಲ.

ಕೈ ತೊಡೆಯ ಕೆಳಗೆ ಒತ್ತಿಕೊಂಡು ಕುಂತೆ. ಅವಳು ಬಹಳ ಹೊತ್ತಾದ ಮೇಲೆ ಮೊರ ಇಳಿಸಿದಳು. ಮಡಿಲಿನ ಜೋಳ ತುಂಬಿಕೊಳ್ಳುತ್ತ ಕೇಳಿದಳು, "ನಾ ಬಂದ್ರ ಮತ್ತ ಹೊಡೀತೀರೇನು?"

ಇಲ್ಲ ಅನ್ನಬಹುದಿತ್ತು. ಹಿಂದೆ ಎರಡು ಸಲ ಅಂದಿದ್ದೆ, ಅವಳು ನಂಬಿದ್ದಳು.

"ಗೊತ್ತಿಲ್ಲ," ಅಂದೆ.

"ಖರೇ ಹೇಳಿದ್ರಿ. ಹಂಗಾರ ನಾ ಬರೂದಿಲ್ಲ," ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಬಸ್ಸಿನ ಹೊತ್ತಾತು, ಏಳ್ರಿ."

ಎದ್ದೆ. ಅವಳು ಹೇಳಿದ್ದು ಸರಿ ಇತ್ತು. ಸರಿ ಅಂತ ಗೊತ್ತಿದ್ದೂ ಸಿಂದಗಿ ಬರುವ ತನಕ ಸಿಟ್ಟು ಕುದಿಯುತ್ತಲೇ ಇತ್ತು. ಯಾರ ಮೇಲೆ ಅಂತ ಹುಡುಕಿದೆ. ಮಾಲೀಕ ಸಿಗಲಿಲ್ಲ, ಅತ್ತೆ ಸಿಗಲಿಲ್ಲ, ಅವಳಂತೂ ಸಿಗಲೇ ಇಲ್ಲ. ಉಳಿದವನು ನಾನೊಬ್ಬನೇ.