ನಳದ ನೀರು ಖಾರ

ನನಗೊಂದು ಚಟವಿದೆ. ಯಾರಾದರೂ ‘ಅದೇನಿಲ್ಲ ಬಿಡ್ರಿ’ ಎಂದರೆ ಸಾಕು, ಅಲ್ಲೇ ಏನೋ ಇದೆ ಎಂದು ತಲೆಯಲ್ಲಿ ಹುಳ ಹೊಕ್ಕುಬಿಡುತ್ತದೆ. ಎರಡು ಸಾವಿರದ ಇಸವಿ ಕಳೆದ ಹೊಸದರಲ್ಲಿ ನಾನು ಬ್ಯಾಡಗಿಯಲ್ಲಿ ಊರಿನ ನೀರು, ಗಟಾರ, ರಸ್ತೆ ನೋಡಿಕೊಳ್ಳುವ ವಿಭಾಗದಲ್ಲಿ ಕಿರಿಯ ಎಂಜಿನಿಯರ್ ಆಗಿದ್ದೆ. ಹಾವೇರಿಯಿಂದ ದಿನಾ ಬಸ್ಸು. ಈ ಚಟದ ದೆಸೆಯಿಂದ ಮೇಲಿನವರ ಕೈಲಿ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಮೆಣಸಿನಕಾಯಿ ಸುಗ್ಗಿಯಲ್ಲಿ ಒಬ್ಬ ತಾಯಿ ಕಚೇರಿಗೆ ಬಂದರು. ಮಗಳನ್ನು ರಾಣೆಬೆನ್ನೂರಿಗೆ ಕೊಟ್ಟಿದ್ದರಂತೆ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ, ಎಂಟು ತಿಂಗಳು. ಬಂದಾಗಿನಿಂದ ವಾಂತಿ, ಭೇದಿ. ಡಾಕ್ಟರು ಕುಡಿಯುವ ನೀರಿನ ಮೇಲೆ ಅನುಮಾನಪಟ್ಟು, ಹೀಗೇ ಆದರೆ ಕೂಸು ದಿನ ತುಂಬುವ ಮೊದಲೇ ಬಂದುಬಿಡಬಹುದು ಎಂದು ಹೆದರಿಸಿದ್ದರು. ಆದರೆ ಓಣಿಯವರೆಲ್ಲ ಅದೇ ನೀರು ಕುಡಿದು ಗಟ್ಟಿಮುಟ್ಟಾಗಿದ್ದಾರೆ, ಇವಳೊಬ್ಬಳಿಗೆ ಯಾಕೆ ಹೀಗೆ ಎನ್ನುವುದು ತಾಯಿಯ ಗೋಳು. ಎದ್ದು ಹೊರಡುವಾಗ ಒಂದು ಮಾತು ಸೇರಿಸಿದರು.

“ಅದರ ಮ್ಯಾಲೆ ನೀರು ಖಾರ ಅದಾವ ಅಂತಾಳ್ರಿ. ಬಸುರಿ ಬಾಯಿ, ಅದೇನಿಲ್ಲ ಬಿಡ್ರಿ.”

ಕಚೇರಿಯಲ್ಲಿ ನಗೆಯೋ ನಗೆ. ಬ್ಯಾಡಗಿ ಕಾಯಿಗೇ ಬಣ್ಣ ಜಾಸ್ತಿ, ಖಾರ ಕಡಿಮೆ, ಇನ್ನು ನೀರಿಗೆಲ್ಲಿಂದ ಬಂತು ಎಂದು ಒಬ್ಬರು ಚೇಷ್ಟೆ ಮಾಡಿದರು. ನನಗೆ ಸಿಟ್ಟು ಬಂತು. ಬಸುರಿ ಬಾಯಿಗೆ ಹುಳಿ ಬೇಕೆನಿಸೀತು, ಅನ್ನ ಕಂಡರೆ ವಾಕರಿಕೆ ಬಂದೀತು, ನೀರು ಖಾರವಾಗುವುದನ್ನು ನಾನಂತೂ ಕೇಳಿರಲಿಲ್ಲ.

ನಳ ಬರುವ ದಿನ ಬೆಳಿಗ್ಗೆ ಆ ಓಣಿಗೆ ಹೋದೆ. ಕಟ್ಟೆ ಕಟ್ಟೆಗೂ ಹೆಂಗಸರು ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದರು. ಹೊರಗಿನ ಊರಿನಿಂದ ಬಂದ ಜಬರದಸ್ತ ಖಾರದ ಕಾಯಿ ಅದು. ಓಣಿ ಹೊಕ್ಕದ್ದೇ ತಡ, ನನಗೆ ಸೀನು ಹತ್ತಿತು. ಕೈ, ಸೆರಗು, ಗಾಳಿ ಎಲ್ಲವೂ ಖಾರ. ಇಂಥ ಕಡೆ ಒಬ್ಬಳು ನೀರು ಖಾರ ಎಂದರೆ ಯಾರು ನಂಬಿಯಾರು?

ನಳ ಬಂತು. ಅಕ್ಕಪಕ್ಕದವರು ಮೊದಲ ನೀರನ್ನು ಅಂಗಳಕ್ಕೆ ಚೆಲ್ಲಿ, ಬಾಗಿಲು ತೊಳೆದು, ಆಮೇಲೆ ಕೊಡ ಹಿಡಿದರು. ಈ ತಾಯಿ ಮಾತ್ರ ತಲೆಮೇಲೆ ಸ್ನಾನ ಮಾಡಿ, ಬೆಳಗಿದ ಹಿತ್ತಾಳೆ ಕೊಡವನ್ನು ನಳದ ಬಾಯಿಗೇ ಹಿಡಿದು ಕಾಯುತ್ತಿದ್ದರು. ಯಾರೂ ಮುಟ್ಟದ ಮೊದಲ ಕೊಡ ದೇವರಿಗೆ. ಅದರಲ್ಲೇ ಮಗಳಿಗೂ ಕುಡಿಯಲು, ಮನೆಯ ಉಳಿದವರಿಗೆ ಆಮೇಲಿನ ಕೊಡಗಳು. ಹೊಟ್ಟೆಯಲ್ಲಿ ಕೂಸಿರುವವಳಿಗೆ ಎಂಜಲು ಮುಸುರೆ ತಾಗದ ನೀರು ಬೇಕಲ್ಲ, ಎಂದರು. ಅದರಿಂದ ಒಂದು ಬೊಗಸೆ ಕೇಳಿದೆ. ದೇವರಿಗಿಂತ ಮೊದಲು ನನಗೆ ಕೊಡುವುದು ಅವರಿಗೆ ಸುತರಾಂ ಇಷ್ಟವಿರಲಿಲ್ಲ. ನಾನು ಬಿಡಲಿಲ್ಲ.

ನಾಲಿಗೆ ಚುರ್ ಎಂದಿತು. ಖರೇನೇ ಖಾರ!

ಸ್ವಲ್ಪ ಹೊತ್ತು ಬಿಟ್ಟು ಅದೇ ನಳದ ನೀರು ಬಾಯಿಗೆ ಹಾಕಿಕೊಂಡೆ. ಖಾರವೇ ಇಲ್ಲ. ಒಂದೇ ನಳ, ಒಂದೇ ಮುಂಜಾನೆ, ಎರಡು ರುಚಿ! ನನಗೆ ಖುಷಿಯೇ ಆಯಿತೆಂದರೆ ತಪ್ಪು ತಿಳಿಯಬೇಡಿ. ನಳದ ಬುಡದಿಂದ ಪೈಪನ್ನು ಹಿಂಬಾಲಿಸಿ ಬೀದಿಗೆ ಬಂದೆ. ಅದು ಗಟಾರದ ಹಾಸುಗಲ್ಲಿನ ಕೆಳಗೆ ಹೊಕ್ಕಿತ್ತು. ಜೊತೆಗಿದ್ದ ನೌಕರನಿಂದ ಕಲ್ಲು ಎತ್ತಿಸಿದೆ. ಓಣಿಯ ಕಸಬರಿಗೆಗಳೆಲ್ಲ ತಳ್ಳಿದ ತೊಟ್ಟು, ಬೀಜ, ಪುಡಿ ಸೇರಿ ಗಟಾರ ಕಟ್ಟಿ, ಕೆಂಪು ರಾಡಿ ನಿಂತಿತ್ತು. ಅದರೊಳಗೆ ಈ ಮನೆಯ ಪೈಪು ಮುಳುಗಿತ್ತು. ತಿರುವಿನಲ್ಲಿ ತುಕ್ಕು ತಿಂದು ತೂತಾಗಿತ್ತು. ನಾನು ಬೊಗಸೆಯಲ್ಲಿ ಕುಡಿದದ್ದು ಏನೆಂದು ಆಗ ತಿಳಿಯಿತು. ಪಕ್ಕದ ಮನೆಯ ನಳಕ್ಕೆ ಓಡಿ ಬಾಯಿ ಮುಕ್ಕಳಿಸಿದೆ. ಗಟಾರದೊಳಗೆ ಪೈಪು ಹಾಯಿಸಿದ ಪುಣ್ಯಾತ್ಮನ ಮನೆತನವನ್ನೆಲ್ಲ ಮನಸ್ಸಿನಲ್ಲೇ ಬೈದೆ.

ಆದದ್ದಿಷ್ಟು. ನಳ ನಿಂತ ಮೇಲೆ ದೊಡ್ಡ ಪೈಪಿನ ನೀರು ತಗ್ಗಿನ ಓಣಿಗಳತ್ತ ಇಳಿದುಹೋಗುತ್ತದೆ. ಖಾಲಿಯಾಗುವ ಪೈಪು, ಎಳನೀರಿಗೆ ಹಾಕಿದ ನಳಿಗೆಯ ಹಾಗೆ, ತೂತಿನಿಂದ ಗಟಾರವನ್ನು ಎಳೆದುಕೊಳ್ಳುತ್ತದೆ. ಮತ್ತೆ ನೀರು ಬಿಟ್ಟಾಗ ಆ ರಾಡಿಯೇ ಮೊದಲು ಹೊರಬರುತ್ತದೆ. ಆಮೇಲಿನ ನೀರಿಗೆ ಒತ್ತಡ ಇರುವುದರಿಂದ ರಾಡಿ ಒಳಗೆ ನುಗ್ಗುವುದಿಲ್ಲ. ಹಾಗಾಗಿ ಆ ಮನೆಯಲ್ಲಿ ಎಲ್ಲಕ್ಕಿಂತ ಹೊಲಸು ನೀರೆಂದರೆ ಮೊದಲ ಕೊಡದ್ದೇ.

ಇದನ್ನು ಆ ತಾಯಿಗೆ ಹೇಳಲೇಬೇಕಿತ್ತು. ತಡೆದು ತಡೆದು ಹೇಳಿದೆ. ಅವರು ಗಟಾರ ನೋಡಿದರು, ಕೊಡ ನೋಡಿದರು.

“ದೇವರಿಗೂ ಇದನ್ನ ಇಟ್ಟೇನ್ರಿ. ದೇವರು ಒಂದಿನಾನೂ ಏನೂ ಅನ್ನಲಿಲ್ಲ. ಇಕಿ ದಿನಾ ಖಾರ ಅಂತಿದ್ಲು. ಸುಮ್ನ ಕುಡಿ ಅಂತ ನಾನ ಗದರಿಸೇನಿ.”

ತಪ್ಪು ಪೈಪಿನದು, ನಿಮ್ಮದಲ್ಲ ಎಂದೆ. ಅದು ಅವರ ಕಿವಿಗೆ ಬಿದ್ದಂತೆ ಕಾಣಲಿಲ್ಲ. ನನ್ನ ಬೆಳಿಗ್ಗೆಯ ಖುಷಿ ಇಳಿದುಹೋಗಿತ್ತು.

ಗಟಾರ ಬಳಿಸಿದೆವು. ಹೊಸ ಪೈಪನ್ನು ಗಟಾರದ ಮೇಲಿನಿಂದ ಹಾಯಿಸಿದೆವು. ಅಲ್ಲಿಯವರೆಗೆ ಬೇರೆ ಕಡೆಯ ನೀರನ್ನು ಕಾಯಿಸಿ ಆರಿಸಿ ಕೊಟ್ಟದ್ದಕ್ಕೆ ಹುಡುಗಿಯ ಭೇದಿ ನಿಂತಿತ್ತು. ಡಾಕ್ಟರು ಕೂಸು ಆರಾಮಿದೆ ಎಂದಿದ್ದರು. ಮುಂದಿನ ಸಲ ನಳ ಬಂದಾಗ, ಕೆಲಸವಿಲ್ಲದಿದ್ದರೂ, ನಾನು ಹೋಗಿ ನಿಂತೆ.

ತಾಯಿ ಮೊದಲ ನೀರನ್ನು ಬೀದಿಗೆ ಚೆಲ್ಲಿದರು. ಆಮೇಲೆ ಕೊಡ ತುಂಬಿ ಒಳಗೆ ಒಯ್ಯಲಿಲ್ಲ. ಬಾಗಿಲ ಬಳಿ ಕೂತಿದ್ದ ಮಗಳ ಮುಂದಿಟ್ಟು ಒಂದು ಲೋಟ ಬಗ್ಗಿಸಿದರು.

“ಮೊದಲ ನೀ ಕುಡದು ನೋಡವ್ವಾ. ನೀ ಹೂಂ ಅಂದ ಮ್ಯಾಲೆ ದೇವರಿಗೆ.”

ಮಗಳು ಒಂದು ಗುಟುಕು ಬಾಯಲ್ಲಿಟ್ಟುಕೊಂಡಳು. ನಾವಿಬ್ಬರೂ ಅವಳ ಮುಖವನ್ನೇ ನೋಡುತ್ತಿದ್ದೆವು.

“ಸಪ್ಪಗ ಐತಿ ಬೇ,” ಎಂದಳು.

ಖರೇ ಹೇಳು, ನನ್ನ ಸಲುವಾಗಿ ಹೇಳಬೇಡ ಎಂದು ತಾಯಿ ಎರಡು ಸಲ ಕೇಳಿದರು. ಅವಳು ಲೋಟ ಪೂರ್ತಿ ಕುಡಿದು, ಇನ್ನಷ್ಟು ಹಾಕೆಂದು ತಾಯಿಯ ಮುಂದೆ ಹಿಡಿದಳು.